ಸೇವಂತಿಗೆ ದೀಪಗಳ ನಡುವಿನ ಕತ್ತಲೆ

ಚಿಕ್ಕಬಳ್ಳಾಪುರ ಸೀಮೆಯ ತೋಟಗಾರಿಕೆಯ ಕಥೆಯನ್ನು ಮುಂದೊಂದು ದಿನ ಯಾರಾದರೂ ಬರೆಯಹೊರಟರೆ, ದ್ರಾಕ್ಷಿ ಚಪ್ಪರಕ್ಕೊಂದು ಅಧ್ಯಾಯ, ಮಾವಿಗೊಂದು, ಗುಲಾಬಿಗೊಂದು ಎಂದು ಹಂಚಿಕೊಂಡು ಬಂದು ಸೇವಂತಿಗೆಯ ಅಧ್ಯಾಯಕ್ಕೆ ಕಾಲಿಟ್ಟೊಡನೆ, ಶ್ರೀಮತಿ ಕೆ. ಎನ್. ಆದಿಲಕ್ಷ್ಮಮ್ಮನವರ ಹೆಸರನ್ನು ಬರೆಯದೆ ಅವರ ಲೇಖನಿ ಒಂದು ಸಾಲೂ ಮುಂದೆ ಹೋಗದು. ಸಹಾಯಕ ತೋಟಗಾರಿಕೆ ಅಧಿಕಾರಿಯಾಗಿ ಸೇವೆಗೆ ಸೇರಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮಣ್ಣನ್ನೆಲ್ಲ ಕಾಲಿಗೆ ಮೆತ್ತಿಕೊಂಡು, ಹಿರಿಯ ಸಹಾಯಕ ನಿರ್ದೇಶಕರಾಗಿ ಕಳೆದ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದ ಈ ಹಿರಿಯರ ಇಲಾಖಾ ಸಾಧನೆಗಳನ್ನು ಬಲ್ಲವರು ಇದೇ ಅಭಿನಂದನ ಸಂಪುಟದಲ್ಲಿ ಬೇರೆಡೆ ವಿವರಿಸಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಅವರ ಇನ್ನೊಂದು ಸೇವೆ. ಅದಕ್ಕೆ ಸಂಬಳವಿಲ್ಲ, ಬಡ್ತಿಯಿಲ್ಲ. ತಲೆಯ ಮೇಲೆ ಮಂಜು, ಕಾಲಿಗೆ ಸೊಳ್ಳೆ ಇಷ್ಟನ್ನು ಬಿಟ್ಟರೆ ಬೇರೆ ಭತ್ಯೆಯೂ ಇಲ್ಲ. ನಮ್ಮ ಅರುಂಧತಿ ಹವ್ಯಾಸಿ ಖಗೋಳ ಬಳಗದಲ್ಲಿ ಅವರು ಆಳಾಕಾಶದ, ಎಂದರೆ ಗ್ರಹಗಳಾಚೆಯ ಮಸುಕು ಕಾಯಗಳ, ಛಾಯಾಗ್ರಹಣ ಕಲಿತ ಕಥೆ ಅದು. ಕಲಿತ ಕಥೆ ಎನ್ನುವುದಕ್ಕಿಂತ, ಹಟಕ್ಕೆ ಬಿದ್ದ ಕಥೆ ಎಂದರೆ ಹೆಚ್ಚು ಸರಿಯಾದೀತು.

ಆದರೆ ಆ ಕಥೆಗೂ ಸೇವಂತಿಗೆಗೂ ಬಿಡಿಸಲಾಗದ ನಂಟಿದೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಬರಬೇಕು.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಹಿಡುವಳಿದಾರರ ಮನೆಯಲ್ಲಿ ಹುಟ್ಟಿದ ಆದಿಲಕ್ಷ್ಮಮ್ಮನವರಿಗೆ ಮನೆಯೊಳಗೆ ಅರ್ಧ ತೆಲುಗು, ಹೊರಗೆ ಕನ್ನಡ, ಹೂವಿನ ಮಂಡಿಯಲ್ಲಿ ಅವಶ್ಯಬಿದ್ದಷ್ಟು ಉರ್ದು ಮೂರೂ ಸರಾಗ. ರೈತರ ಮನೆಗೆ ಹೋದರೆ ಮೊದಲು ಹೊಲ ಸುತ್ತಿ ಬಂದ ಮೇಲೆಯೇ ಕುರ್ಚಿಯ ಮೇಲೆ ಕೂರುವ ಪದ್ಧತಿ ಅವರದು. ಕಾಫಿ ಆರಿ ಕೆನೆಗಟ್ಟಿದರೂ ಸರಿಯೆ, ಹೊಲ ಮೊದಲು. ಶಿಡ್ಲಘಟ್ಟ ತಾಲ್ಲೂಕಿಗೆ ವರ್ಗವಾಗಿ ಬಂದ ಹೊಸತರಲ್ಲಿ ಅವರು ದಿಬ್ಬೂರಹಳ್ಳಿಯ ಕಡೆಯ ಬೆಳೆಗಾರರಿಗೆ ಒಂದು ಹೊಸ ವಿದ್ಯೆ ಕಲಿಸಿದರು. ಸೇವಂತಿಗೆ ಗಿಡಕ್ಕೆ ಇರುಳು ದೀರ್ಘವಾದರೆ ಮೊಗ್ಗು ಕಟ್ಟುವ ಸ್ವಭಾವ. ಗಿಡ ಎಳೆಯದಿರುವಾಗಲೇ ಮೊಗ್ಗು ಕಟ್ಟಿದರೆ ಹೂ ಬಡಕಲು. ಆದ್ದರಿಂದ ನಾಟಿಯಾದ ಮೊದಲ ವಾರಗಳಲ್ಲಿ ಹೊಲದ ತುಂಬ ತಂತಿ ಎಳೆದು, ಬಲ್ಬು ಕಟ್ಟಿ, ಕತ್ತಲಾದ ಮೇಲೆ ಬೆಳಗಿಸಿದರೆ ಗಿಡ ಇನ್ನೂ ಹಗಲಿದೆಯೆಂದೇ ತಿಳಿದು ಸುಮ್ಮನೆ ಬೆಳೆಯುತ್ತ ಹೋಗುತ್ತದೆ. ಬೇಕೆಂದಾಗ ದೀಪ ನಿಲ್ಲಿಸಿದರೆ ಬೇಕೆಂದ ಹಬ್ಬಕ್ಕೆ ಹೂ ಸಿಗುತ್ತದೆ.

ಇದನ್ನು ನಂಬಿ ಮೊದಲು ಮುಂದೆ ಬಂದವರು ಮುನಿಗಂಗಪ್ಪ ಮತ್ತು ಅವರ ಮನೆಯಾಕೆ ವೆಂಕಟರತ್ನಮ್ಮ. ಆ ಮೊದಲ ವರ್ಷವೇ ಟ್ರಾನ್ಸ್‌ಫಾರ್ಮರು ಸುಟ್ಟು ಊರಿಗೆ ಊರೇ ಕತ್ತಲಾಯಿತು. ಗಿಡಗಳು ಮೊಗ್ಗಿಗೆ ತಿರುಗುವ ಭಯ. ಆದಿಲಕ್ಷ್ಮಮ್ಮನವರು ಇಲಾಖೆಗೆ ಪತ್ರ ಬರೆದು ಕೈ ತೊಳೆದುಕೊಳ್ಳಲಿಲ್ಲ. ಶಾಮಿಯಾನ ಅಂಗಡಿಯಿಂದ ಜನರೇಟರು ಹೇರಿಸಿಕೊಂಡು ಬಂದು, ಟ್ರಾನ್ಸ್‌ಫಾರ್ಮರು ಬದಲಾಗುವ ತನಕ ದಿನಾ ಸಂಜೆ ಬದುವಿನ ಮೇಲೆ ಕೂತು ತಾವೇ ಅದರ ಹಗ್ಗ ಎಳೆದು ಹಚ್ಚಿದರು. ಆ ಹೊಗೆ ಕುಡಿದು ಕೆಮ್ಮಿದ್ದನ್ನು ವೆಂಕಟರತ್ನಮ್ಮ ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ. ಆ ಬೆಳೆ ಗೆದ್ದಿತು. ಮರುವರ್ಷ ಪಕ್ಕದ ಹೊಲದವರು ಬಲ್ಬು ಕಟ್ಟಿದರು, ಆಮೇಲೆ ಅದರ ಪಕ್ಕದವರು. ವರ್ಷಗಳು ಕಳೆದಂತೆ ಆ ತಗ್ಗಿನ ಹೊಲಗಳೆಲ್ಲ ಸಂಜೆಯಾದರೆ ಮದುವೆ ಮನೆಯಂತೆ ಝಗಝಗಿಸತೊಡಗಿದವು. ಬಸ್ಸಿನಲ್ಲಿ ಆ ದಾರಿಯಾಗಿ ಬರುವಾಗ ಆದಿಲಕ್ಷ್ಮಮ್ಮನವರು ಕಿಟಕಿಗೆ ಹಣೆ ಆನಿಸಿ ನೋಡುತ್ತಿದ್ದರು. ಇದು ನನ್ನ ಕೆಲಸ ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ, ಆದರೆ ಒಳಗೊಳಗೇ ಉಬ್ಬುತ್ತಿದ್ದುದು ನಿಜ.

ಇನ್ನು ಆಕಾಶದ ಮಾತು. ನಾಲ್ಕೈದು ವರ್ಷಗಳ ಹಿಂದೆ ಮುದ್ದೇನಹಳ್ಳಿಯ ಕಡೆಯ ಒಂದು ಶಾಲೆಗೆ ಸಸಿ ಹಂಚಲು ಹೋಗಿದ್ದ ಅವರು, ಅಲ್ಲಿಯೇ ನಮ್ಮ ಬಳಗ ಇಟ್ಟಿದ್ದ ದೂರದರ್ಶಕದಲ್ಲಿ ಶನಿಗ್ರಹವನ್ನು ಕಂಡರು. ಮಕ್ಕಳೆಲ್ಲ ನೋಡಿ ಮುಗಿದ ಮೇಲೂ ಸಾಲಿನ ಕೊನೆಗೆ ಮತ್ತೆ ಹೋಗಿ ನಿಂತರು. ಬಳಗದ ಅಧ್ಯಕ್ಷರೂ ಗೌರಿಬಿದನೂರಿನ ಭೌತಶಾಸ್ತ್ರದ ಉಪನ್ಯಾಸಕರೂ ಆದ ಗಣೇಶ್ ಪ್ರಸಾದ್ ಅವರನ್ನು ಕೇಳಿದ ಮೊದಲ ಪ್ರಶ್ನೆಯೇ, "ಇದರ ಫೋಟೊ ತೆಗೆಯೋಕೆ ನಮ್ಮಂಥೋರಿಗೂ ಆಗುತ್ತಾ?"

"ಶನಿ ಸುಲಭ ಮೇಡಂ. ಅದರಿಂದಾಚೆಗಿರೋದು ಕಷ್ಟ," ಎಂದರು ಗಣೇಶ್ ಪ್ರಸಾದ್.

"ಹಾಗಾದ್ರೆ ಆಚೆಗೇ ಹೋಗಣ ಬಿಡಿ," ಎಂದರು ಆದಿಲಕ್ಷ್ಮಮ್ಮನವರು.

ಆಚೆಗಿರುವುದೆಂದರೆ ಬರಿಗಣ್ಣಿಗೆ ಕಾಣದ, ಇಲ್ಲವೇ ಕಂಡೂ ಕಾಣದಂತಿರುವ ನೀಹಾರಿಕೆಗಳು ಮತ್ತು ನಮ್ಮ ಕ್ಷೀರಪಥದಾಚೆಯ ಗ್ಯಾಲಕ್ಸಿಗಳು. ಅವುಗಳ ಬೆಳಕು ಎಷ್ಟು ಬಡವೆಂದರೆ, ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಟ್ಟು, ಭೂಮಿ ತಿರುಗಿದ ಹಾಗೆಲ್ಲ ಕ್ಯಾಮೆರಾವನ್ನೂ ಯಂತ್ರದಿಂದ ತಿರುಗಿಸುತ್ತ ಹಿಡಿಯಬೇಕು. ಹಾಗೆ ಹಿಡಿದ ಚಿತ್ರ ಒಂದು ಸಾಲದು. ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಆಗ ಮೆಲ್ಲಗೆ ರೂಪವೊಂದು ಮೇಲೇಳುತ್ತದೆ. ಇದನ್ನು ನಮಗೆಲ್ಲ ಕಲಿಸಿದವರು ಚಿಂತಾಮಣಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಮುರಳಿಮೋಹನ್. ಮದುವೆ ಮುಹೂರ್ತಗಳಲ್ಲಿ ಬೈದು ಬೈದು ಪಳಗಿದ ನಾಲಿಗೆ ಅವರದು. "ಅಮ್ಮಾ, ಅಲ್ಲಾಡಬೇಡಿ! ಉಸಿರೂ ಬಿಡಬೇಡಿ!" ಎಂದು ಅಧಿಕಾರಿ ಎಂಬ ಎಗ್ಗಿಲ್ಲದೆ ಗದರುತ್ತಿದ್ದರು. ಇಡೀ ತಾಲ್ಲೂಕು ಎದ್ದುನಿಂತು ಮಾತಾಡಿಸುವ ಹೆಂಗಸು, ತಮಗಿಂತ ಎಷ್ಟೋ ಚಿಕ್ಕವನಾದ ಸ್ಟುಡಿಯೊ ಹುಡುಗನ ಮುಂದೆ ಉಸಿರು ಬಿಗಿಹಿಡಿದು ನಿಂತದ್ದನ್ನು ನಾವು ನೋಡಿದ್ದೇವೆ.

ಕಲಿಕೆ ಸುಲಭದ್ದಾಗಿರಲಿಲ್ಲ. ನಮ್ಮ ಸೀಮೆಗೆ ಧ್ರುವನಕ್ಷತ್ರ ಬಲು ಕೆಳಗೆ, ಬೆಟ್ಟದ ನೆತ್ತಿಗೆ ತಾಗಿಕೊಂಡಂತೆ ಇರುವುದರಿಂದ, ಯಂತ್ರವನ್ನು ಅದಕ್ಕೆ ಹೊಂದಿಸಲು ಬಂಡೆಯ ಮೇಲೆ ಮಕಾಡೆ ಮಲಗಬೇಕಾಗುತ್ತಿತ್ತು. ಮಂಡಿನೋವಿನ ಆದಿಲಕ್ಷ್ಮಮ್ಮನವರು ಚಾಪೆ ಹಾಸಿಕೊಂಡು ಮಲಗಿದರು. ಮಾರ್ಗಶಿರದ ಮಂಜು ಮಸೂರದ ಮೇಲೆ ಕೂತಾಗ ಬಿಸಿ ಮರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಕತ್ತಿಗೆ ಸುತ್ತಿದರು, ನೆಗಡಿಯಾದ ಮಗುವಿಗೆ ಶಾಖ ಕೊಟ್ಟಂತೆ. ಕ್ಯಾಮೆರಾ ತಾನೇ ಹುಟ್ಟಿಸುವ ಸುಳ್ಳು ಚುಕ್ಕೆಗಳನ್ನು ಕಳೆಯಲು ಮುಚ್ಚಳ ಹಾಕಿಯೇ ಒಂದಷ್ಟು ಚಿತ್ರ ತೆಗೆಯಬೇಕೆಂಬುದು ಈ ವಿದ್ಯೆಯ ನಿಯಮ. ಅದನ್ನು ಮನೆಯ ಜಗುಲಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಯಜಮಾನರಾದ ರಮೇಶ್‌ಬಾಬು ಕಂಡು ಗಾಬರಿಯಾದರು.

"ಏನೇ ಇದು, ಮುಚ್ಚಳ ತೆಗೀದೇನೆ ಫೋಟೊ ಹೊಡೀತಿದೀಯ!"

"ನನಗೆ ಕತ್ತಲೇದೇ ಫೋಟೊ ಬೇಕು ರೀ. ನೀವು ಒಳಗೆ ಹೋಗಿ."

ರಮೇಶ್‌ಬಾಬು ಒಳಗೆ ಹೋದರೇನೋ ನಿಜ. ಆದರೆ ಮರುದಿನ ಊರಿಗೆಲ್ಲ ಈ ಸುದ್ದಿ ಅವರಿಂದಲೇ ಹಬ್ಬಿತು.

ನಮ್ಮ ಬಳಗದ ವೀಕ್ಷಣಾಸ್ಥಳ ದಿಬ್ಬೂರಹಳ್ಳಿಯ ಆಚೆಗಿನ ಬೋಳು ಬಂಡೆ. ಅದರ ಕೆಳಗೇ ಆ ಸೇವಂತಿಗೆ ಹೊಲಗಳು. ಬಂಡೆಯನ್ನು ನಾವು ಆರಿಸಿಕೊಂಡಾಗ ಹೊಲಗಳಲ್ಲಿ ಅಷ್ಟು ದೀಪಗಳಿರಲಿಲ್ಲ. ಕಳೆದ ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ, ಯಾವ ದಿಕ್ಕಿಗೆ ಕ್ಯಾಮೆರಾ ತಿರುಗಿಸಿದರೂ ಬರೀ ಅರಿಸಿನ ಕದಡಿದ ನೀರಿನಂಥ ಆಕಾಶ. ಅಂದು ಮುರಳಿಮೋಹನ್ ಕ್ಯಾಮೆರಾದ ಪರದೆ ನೋಡಿ ತಲೆ ಚಚ್ಚಿಕೊಂಡರು.

"ಯಾವನೋ ಪುಣ್ಯಾತ್ಮ ಇವರಿಗೆ ಈ ಬಲ್ಬು ಕಟ್ಟೋದು ಕಲಿಸಿಕೊಟ್ಟಿದಾನೆ ನೋಡಿ! ಅವನು ಕೈಗೆ ಸಿಕ್ಕಿದ್ರೆ…"

ಆದಿಲಕ್ಷ್ಮಮ್ಮನವರು ಚಾಪೆಯಿಂದ ಮೆಲ್ಲನೆ ಎದ್ದು, ಸೀರೆ ಕೊಡವಿಕೊಂಡು, "ಆ ಪುಣ್ಯಾತ್ಮ ನಾನೇ ಕಣಪ್ಪ ಮುರಳಿ. ಸಿಕ್ಕಿದೀನಲ್ಲ, ಏನು ಮಾಡ್ತೀಯೋ ಮಾಡು," ಎಂದರು.

ಮುರಳಿಮೋಹನರ ಮುಖ ಆ ಅರಿಸಿನ ಬೆಳಕಿನಲ್ಲೂ ಬಿಳಿಚಿದ್ದು ಎಲ್ಲರಿಗೂ ಕಂಡಿತು. ನಗು ತಡೆಯಲಾಗದೆ ನಾವೆಲ್ಲ ನಕ್ಕೆವು. ಆದಿಲಕ್ಷ್ಮಮ್ಮನವರೂ ನಕ್ಕರು. ಆದರೆ ಬಸ್ಸಿನ ಕಿಟಕಿಯಿಂದ ನೋಡಿ ಉಬ್ಬುತ್ತಿದ್ದ ಅದೇ ಬೆಳಕು, ಬಂಡೆಯ ಮೇಲಿಂದ ನೋಡುವಾಗ ತಾವೇ ಎಬ್ಬಿಸಿದ ಗೋಡೆಯಾಗಿತ್ತು. ಹೆಮ್ಮೆ ಪಡಬೇಕೋ ನಾಚಬೇಕೋ ಅವರಿಗೆ ತಿಳಿಯಲಿಲ್ಲ.

ಅದೇ ವಾರ ಬಳಗದ ಸಭೆ ಸೇರಿತು. ಗಣೇಶ್ ಪ್ರಸಾದರ ಮಾತು ನೇರವಾಗಿತ್ತು. ಬಂಡೆಯನ್ನು ಬಿಟ್ಟುಬಿಡೋಣ, ಪರದೇಶದ ಮರುಭೂಮಿಯಲ್ಲಿ ದೊಡ್ಡ ದೂರದರ್ಶಕಗಳನ್ನು ಬಾಡಿಗೆಗೆ ಕೊಡುತ್ತಾರೆ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಆಜ್ಞೆ ಕೊಟ್ಟರೆ ಚಿತ್ರ ಬಂದು ಬೀಳುತ್ತದೆ. ಬಹುಪಾಲು ಜನ ತಲೆದೂಗಿದರು. ಮುರಳಿಮೋಹನ್ ಮಾತ್ರ, ಪಂಚಾಯಿತಿಯವರಿಂದ ಹೇಳಿಸಿ ಅಮಾವಾಸ್ಯೆಯ ಆಸುಪಾಸು ದೀಪ ಆರಿಸುವಂತೆ ಮಾಡಿದರೆ ಹೇಗೆ ಎಂದರು.

"ಅವರ ದೀಪ ಆರಿಸಿ ನಾವು ನಕ್ಷತ್ರ ನೋಡೋದಾ? ಆಗಲ್ಲ," ಎಂದು ಆದಿಲಕ್ಷ್ಮಮ್ಮನವರು ಖಡಾಖಂಡಿತವಾಗಿ ಹೇಳಿದರು. "ಬಂಡೇನೂ ಬಿಡಲ್ಲ. ಬಾಡಿಗೆ ಫೋಟೊ ನನಗೆ ಬೇಡ. ಇನ್ಯಾರೋ ಉತ್ತು ಬಿತ್ತಿದ್ದನ್ನ ತಂದು ನಮ್ಮ ಹೊಲದ್ದು ಅಂತ ತೋರಿಸಿದ ಹಾಗೆ ಅದು."

"ಮೇಡಂ, ಭಾವನೆ ಬೇರೆ, ಭೌತಶಾಸ್ತ್ರ ಬೇರೆ," ಎಂದರು ಗಣೇಶ್ ಪ್ರಸಾದ್. "ಆಂಡ್ರೋಮಿಡಾನೋ, ಒರಾಯನ್ನೋ ಹೇಗೋ ಬರುತ್ತೆ, ಅವು ಪ್ರಖರವಾಗಿವೆ. ಆದರೆ ತ್ರಿಕೋನ ಗ್ಯಾಲಕ್ಸಿ? ಅದರ ಬೆಳಕು ತೆಳ್ಳಗೆ ಹರಡಿಕೊಂಡಿರುತ್ತೆ. ಆ ಬಂಡೆ ಮೇಲಿಂದ ಅದರ ಸುರುಳಿ ತೋರಿಸಿದವರಿಗೆ ನಾನು ಅಧ್ಯಕ್ಷಗಿರಿ ಬಿಟ್ಟುಕೊಡ್ತೀನಿ."

"ನಿಮ್ಮ ಅಧ್ಯಕ್ಷಗಿರಿ ನೀವೇ ಇಟ್ಟುಕೊಳ್ಳಿ. ಶಿವರಾತ್ರಿವರೆಗೆ ಬಂಡೆ ಬಿಡಬೇಡಿ, ನನಗೆ ಅಷ್ಟು ಸಾಕು."

ಹಾಗೆಂದು ನಿರ್ಣಯವಾಯಿತು. ಶಿವರಾತ್ರಿಯೊಳಗೆ ದಿಬ್ಬೂರಹಳ್ಳಿ ಬಂಡೆಯ ಮೇಲಿಂದ ತ್ರಿಕೋನ ಗ್ಯಾಲಕ್ಸಿಯ ಸುರುಳಿ ಕಾಣುವಂಥ ಒಂದು ಚಿತ್ರ; ಆಗದಿದ್ದರೆ ಬಂಡೆಗೆ ಕೊನೆಯ ನಮಸ್ಕಾರ. ಶಿವರಾತ್ರಿ ಕಳೆದರೆ ಹೇಗೂ ಆ ಗ್ಯಾಲಕ್ಸಿ ಪಶ್ಚಿಮಕ್ಕೆ ಜಾರಿಹೋಗುವುದರಿಂದ ಗಡುವು ನ್ಯಾಯವಾದದ್ದೇ ಆಗಿತ್ತು. ದೀಪ ಆರಿಸಬಾರದು, ಆದರೆ ಕತ್ತಲೆ ಬೇಕು. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಉತ್ತರ ಸಿಕ್ಕಿದ್ದು ಅವರದೇ ಹಳೆಯ ಓದಿನಲ್ಲಿ. ಸೇವಂತಿಗೆಗೆ ಇಡೀ ಹೊತ್ತು ಬೆಳಕು ಬೇಕಾಗಿಲ್ಲ. ಅರ್ಧ ಗಂಟೆಗೊಮ್ಮೆ ಕೆಲವೇ ನಿಮಿಷ ಬೆಳಗಿ ಆರಿಸಿದರೂ ಗಿಡ ಹಗಲೆಂದೇ ತಿಳಿಯುತ್ತದೆ ಎಂಬುದನ್ನು ತರಬೇತಿಯಲ್ಲಿ ಎಂದೋ ಕೇಳಿದ್ದರು. ಕರೆಂಟಿನ ಬಿಲ್ಲು ಇಳಿಸುವ ಉಪಾಯವೆಂದು ಹೇಳಿದ್ದನ್ನು, ರೈತರು ಗೊಂದಲಕ್ಕೆ ಬೀಳಬಾರದೆಂದು ಅವರೇ ಆಗ ಬದಿಗಿಟ್ಟಿದ್ದರು. ಬೆಳಗುವ ನಿಮಿಷಗಳ ನಡುವೆ ಬಿಡುವು! ಆ ಬಿಡುವಿನಲ್ಲಿ ಕ್ಯಾಮೆರಾ ಕಣ್ಣು ತೆರೆದರೆ? ಚಿತ್ರಗಳನ್ನು ಪೇರಿಸುವ ವಿದ್ಯೆಗೆ ಬೇಕಾದದ್ದೂ ತುಂಡು ತುಂಡು ಕತ್ತಲೆಯೇ ಅಲ್ಲವೇ? ಈ ಯೋಚನೆ ಹೊಳೆದದ್ದು ಅಡುಗೆಮನೆಯಲ್ಲಿ, ಒಗ್ಗರಣೆ ಸೀದುಹೋಯಿತೆಂದು ರಮೇಶ್‌ಬಾಬು ಸಾಕ್ಷಿ ಹೇಳುತ್ತಾರೆ.

ಆದರೆ ಓದಿದ್ದನ್ನು ಇನ್ನೊಬ್ಬರ ಹೊಲದಲ್ಲಿ ಪರೀಕ್ಷಿಸುವವರಲ್ಲ ಅವರು. ಕೆಂಚಾರ್ಲಹಳ್ಳಿಯ ತಮ್ಮ ಪಾಲಿನ ಜಮೀನಿನಲ್ಲಿ ಸೇವಂತಿಗೆ ನಾಟಿ ಮಾಡಿಸಿದರು. ಒಂದು ಮಡಿಗೆ ಎಂದಿನಂತೆ ದೀಪ, ಇನ್ನೊಂದಕ್ಕೆ ಟೈಮರಿಟ್ಟು ಬಿಟ್ಟು ಬಿಟ್ಟು ದೀಪ, ದೂರದ ಮತ್ತೊಂದಕ್ಕೆ ದೀಪವೇ ಇಲ್ಲ. ಕಚೇರಿ ಮುಗಿಸಿ ಅಲ್ಲಿಗೆ ಹೋಗಿ, ಕುಡಿ ಕುಡಿಯನ್ನೂ ಬಗ್ಗಿ ನೋಡಿ ಬರುತ್ತಿದ್ದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವಾಗ, ಇಷ್ಟು ವರ್ಷ ಸಂಪಾದಿಸಿದ ಹೆಸರನ್ನು ಒಂದು ಫೋಟೊಗಾಗಿ ಪಣಕ್ಕಿಡುತ್ತಿದ್ದೇನೆಯೇ ಎಂಬ ಭಯ ಅವರನ್ನು ಕಾಡಿದ್ದುಂಟು. ಕಾಡಿದರೂ ಕುಡಿ ನೋಡುವುದನ್ನು ಬಿಡಲಿಲ್ಲ. ದೀಪವಿಲ್ಲದ ಮಡಿ ಮೊಗ್ಗು ಕಟ್ಟಿತು; ಉಳಿದೆರಡೂ ಒಂದೇ ಸಮನೆ ಹಸಿರಾಗಿ ಬೆಳೆದವು.

ಆಗ ಮುನಿಗಂಗಪ್ಪನವರನ್ನು ಕಾರಿನಲ್ಲಿ ಕೂರಿಸಿಕೊಂಡು ಕರೆತಂದರು. ಅವರು ಗಿಡಗಳನ್ನು ಸುಮ್ಮನೆ ನೋಡಲಿಲ್ಲ. ಕುಡಿಗಳನ್ನು ಉಗುರಿನಿಂದ ಬಿಡಿಸಿ, ಒಳಗೆ ಮೊಗ್ಗಿನ ಗುರುತಿದೆಯೇ ಎಂದು ಹುಡುಕಿದರು.

"ಏಂ ಲೇದಮ್ಮಾ," ಎಂದರು ಕೊನೆಗೆ, ಏನೂ ಇಲ್ಲವೆಂದು. ಆಮೇಲೆ ಕನ್ನಡಕ್ಕೆ ತಿರುಗಿ, "ಆದ್ರೂ ಮೇಡಂ, ನಮ್ಮ ಹೊಲದಾಗೆ ಹಿಂಗೇ ಆಗ್ತೈತೆ ಅಂತ ಯಾರು ಹೇಳೋರು? ಮೊಗ್ಗು ಬಂದ್ಬಿಟ್ರೆ?"

"ಬಂದ್ರೆ ನನ್ನ ಹೊಲದ ಬೆಳೆ ಪೂರ್ತಿ ನಿಂದು. ಕೊಯ್ಕೊಂಡು ಹೋಗು. ಸರೀನಾ?"

ಮುನಿಗಂಗಪ್ಪ ಬೆರಳು ಒರೆಸಿಕೊಂಡು ನಕ್ಕರು. "ಅವತ್ತು ಹೊಗೆ ಕುಡಿದೋರು ನೀವು. ನಿಮ್ಮ ಬೆಳೆ ನನಗ್ಯಾಕಮ್ಮ? ಟೈಮರ್ ಎಲ್ಲಿ ಸಿಗ್ತೈತೆ ಹೇಳಿ."

ಒಬ್ಬರು ಒಪ್ಪಿದ ಮೇಲೆ ಬಂಡೆಯ ಸುತ್ತಲಿನವರೆಲ್ಲ ಒಪ್ಪಿದರು. ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಇಲ್ಲಿ ನಮ್ಮವರು ಮಾಡಿದ ಎಡವಟ್ಟನ್ನು ಅಭಿನಂದನ ಗ್ರಂಥವೆಂದು ಮುಚ್ಚಿಡುವುದು ನ್ಯಾಯವಲ್ಲ. ಕೆಲಸ ಚೊಕ್ಕವಾಗಿರಲೆಂದು ಆದಿಲಕ್ಷ್ಮಮ್ಮನವರು ಬೆಳೆಗಾರರಿಗೆ ಒಳ್ಳೆಯ, ದುಬಾರಿ ಟೈಮರುಗಳನ್ನೇ ಸೂಚಿಸಿದರು. ಒಳಗೆ ಬ್ಯಾಟರಿಯಿದ್ದು, ಕರೆಂಟು ಹೋದರೂ ಸಮಯ ಮರೆಯದಂಥವು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಗೋಡೆ ಗಡಿಯಾರ ನೋಡಿ ಹೊಂದಿಸಿಕೊಂಡರು. ನಮ್ಮ ಕಡೆ ಗೋಡೆ ಗಡಿಯಾರಗಳು ಹೇಗಿರುತ್ತವೆಂದು ಹೇಳಬೇಕೆ? ಮಗುವಿನ ಶಾಲೆ ಬಸ್ಸು ತಪ್ಪದಿರಲೆಂದು ಒಂದು ಮನೆಯಲ್ಲಿ ಮುಂದಿಟ್ಟಿದ್ದರೆ, ಇನ್ನೊಂದರಲ್ಲಿ ಸೆಲ್ಲು ಬಡವಾಗಿ ಹಿಂದೆ ಬಿದ್ದಿರುತ್ತದೆ. ಮಾರ್ಗಶಿರದ ಅಮಾವಾಸ್ಯೆಯ ಸಂಜೆ ನಾವು ಬಂಡೆಯೇರಿ ನೋಡಿದರೆ ಈ ಹೊಲ ಆರುವಾಗ ಆ ಹೊಲ ಹತ್ತುತ್ತಿದೆ, ಆ ಹೊಲ ಆರುವಾಗ ಮತ್ತೊಂದು. ಇಡೀ ತಗ್ಗು ಚಪ್ಪರಕ್ಕೆ ಕಟ್ಟಿದ ಸೀರಿಯಲ್ ಸೆಟ್ಟಿನ ಹಾಗೆ ಮಿಣಮಿಣ ಕುಣಿಯುತ್ತಿತ್ತು. ಪಕ್ಕದೂರಿನವರು ಯಾವ ಜಾತ್ರೆಯೆಂದು ಕೇಳಿಕೊಂಡು ಬೈಕಿನಲ್ಲಿ ಬಂದರು. ಗಣೇಶ್ ಪ್ರಸಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಅಮಾವಾಸ್ಯೆ ಹಾಗೆ ಕೈಬಿಟ್ಟಿತು.

ಆದಿಲಕ್ಷ್ಮಮ್ಮನವರು ನಗಲಿಲ್ಲ. ಮನೆಗೆ ಹೋದವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಆದರೆ ಮಾರನೆಯ ಸಂಜೆಯೇ ಮತ್ತೆ ದಿಬ್ಬೂರಹಳ್ಳಿಯಲ್ಲಿದ್ದರು. ಮನೆ ಮನೆಗೂ ಹೋಗಿ ತಮ್ಮ ಮೊಬೈಲಿನ ಸಮಯಕ್ಕೆ ಟೈಮರು ಹೊಂದಿಸಿದರು. ವಾರದೊಳಗೆ ಒಂದು ಚೂರು ಮುಂದೆ, ಇನ್ನೊಂದು ಚೂರು ಹಿಂದೆ ಓಡಿ ಅವು ಮತ್ತೆ ಒಂದೊಂದು ದಾರಿ ಹಿಡಿದವು. ಮತ್ತೆ ಹೊಂದಿಸಿದರು. ಹೀಗೆ ಹೋಗಿ ಬಂದು ಹೋಗಿ ಬಂದು, ಒಂದು ದಿನ ವೆಂಕಟರತ್ನಮ್ಮನವರ ಜಗುಲಿಯಲ್ಲಿ ಸುಸ್ತಾಗಿ ಕೂತಿದ್ದಾಗ, ವೆಂಕಟರತ್ನಮ್ಮ ಒಂದು ಡಬ್ಬಿ ತಂದು ಮುಂದಿಟ್ಟರು.

"ಮೇಡಂ, ಬೈಬೇಡಿ. ನೀವು ಹೇಳಿದ್ದು ಬಿಟ್ಟು ನಮ್ಮ ಯಜಮಾನ್ರು ಕೆಳಗಿನ ಹೊಲಕ್ಕೆ ಅಗ್ಗದ್ದು ತಂದಿದ್ರು. ಇದು ಕೆಟ್ಟೋಗೈತೆ. ಕರೆಂಟ್ ಹೋಗಿ ಬಂದಾಗೆಲ್ಲ ಹಳೇದು ಮರ್ತು ಮೊದಲಿಂದ ಶುರು ಮಾಡ್ತೈತೆ. ಅಂಗಡಿಗೆ ವಾಪಸ್ ಕೊಡ್ತೀನಿ."

ಆದಿಲಕ್ಷ್ಮಮ್ಮನವರು ಆ ಡಬ್ಬಿಯನ್ನು ನೋಡಿದರು. ಮೊದಲಿಂದ ಶುರು ಮಾಡುತ್ತದೆ! ಸುತ್ತಲಿನ ಹೊಲಗಳಿಗೆಲ್ಲ ಬರುವುದು ಒಂದೇ ಲೈನಿನ ಕರೆಂಟು. ದಿನಾ ಸಂಜೆ ಪಂಪುಸೆಟ್ಟಿನ ತ್ರೀ ಫೇಸು ನಿಂತು ದೀಪದ ಸಿಂಗಲ್ ಫೇಸು ಬರುವಾಗ ಒಂದು ಸಲ ಕರೆಂಟು ಹೋಗಿಯೇ ಹೋಗುತ್ತದೆ, ಮತ್ತೆ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಬರುತ್ತದೆ. ಎಲ್ಲರ ಟೈಮರೂ ಈ ಮರೆಗುಳಿಯಂತೆಯೇ ಆಗಿದ್ದರೆ, ಎಲ್ಲರ ದೀಪಗಳೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ.

"ಕೊಡಬೇಡ ಕಣಮ್ಮ!" ಎಂದು ಅವರು ಎದ್ದ ರಭಸಕ್ಕೆ ಜಗುಲಿಯಲ್ಲಿ ಮಲಗಿದ್ದ ಬೆಕ್ಕು ಹೊರಗೋಡಿತು. "ಕೆಟ್ಟಿಲ್ಲ ಇದು. ಇಂಥದ್ದೇ ಎಲ್ಲರಿಗೂ ಬೇಕು!"

ದುಬಾರಿಯವನ್ನು ಬಿಚ್ಚಿಸಿ ಅಗ್ಗದವನ್ನು ಹಾಕಿಸಿದ ಸರ್ಕಾರಿ ಅಧಿಕಾರಿಯನ್ನು ದಿಬ್ಬೂರಹಳ್ಳಿ ಅದೇ ಮೊದಲ ಬಾರಿ ಕಂಡಿತು. ಪುಷ್ಯದ ಅಮಾವಾಸ್ಯೆಯ ಸಂಜೆ ನಾವೆಲ್ಲ ಬಂಡೆಯ ಮೇಲೆ ಕಾದು ನಿಂತೆವು. ಕರೆಂಟು ಹೋಯಿತು. ಬಂತು. ತಗ್ಗಿನ ದೀಪಗಳೆಲ್ಲ ಒಮ್ಮೆಗೇ ಬೆಳಗಿದವು, ಕೆಲವು ನಿಮಿಷ ಉರಿದವು, ಒಮ್ಮೆಗೇ ಆರಿದವು. ಆ ಗಳಿಗೆಯಲ್ಲಿ ಕತ್ತಲೆ ಬಂದು ನೆತ್ತಿಯ ಮೇಲೆ ನಕ್ಷತ್ರಗಳು ಇದ್ದಕ್ಕಿದ್ದಂತೆ ಹತ್ತಿರವಾದಾಗ, ನಗಲು ತಯಾರಾಗಿ ಬಂದಿದ್ದ ಗಣೇಶ್ ಪ್ರಸಾದರೇ ಮೊದಲು ಚಪ್ಪಾಳೆ ತಟ್ಟಿದರು. ಆದಿಲಕ್ಷ್ಮಮ್ಮನವರ ಕಣ್ಣಲ್ಲಿ ನೀರು ನಿಂತಿತ್ತು. "ಚಪ್ಪಾಳೆ ಆಮೇಲೆ, ಮೊದಲು ಶಟರ್ ಒತ್ರಪ್ಪ," ಎಂದು ಗದರಿದರು. ಮುರಳಿಮೋಹನರಿಂದ ಕಲಿತ ಗದರಿಕೆ ಅದು.

ಆದರೂ ಆ ಅಮಾವಾಸ್ಯೆಯ ಸಂಜೆಗಳಲ್ಲಿ ಮೋಡ ಅಡ್ಡ ಬಂದು ಬೇಕಾದುದರ ಅರ್ಧದಷ್ಟೇ ಚಿತ್ರಗಳು ಸಿಕ್ಕವು. ಉಳಿದರ್ಧಕ್ಕೆ ಶಿವರಾತ್ರಿಯ ಹಿಂದಿನ ಕೆಲವು ಸಂಜೆಗಳೇ ಗತಿ. ಗ್ಯಾಲಕ್ಸಿ ಅಷ್ಟರಲ್ಲಿ ಪಶ್ಚಿಮಕ್ಕೆ ವಾಲಿ, ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತಿತ್ತು, ಅದೂ ನೇರವಾಗಿ ಮುನಿಗಂಗಪ್ಪನವರ ಹೊಲದ ಮೇಲಿಂದ. ಶಿವರಾತ್ರಿಯ ಹಿಂದಿನ ಸಂಜೆ, ಕೊನೆಯ ಅವಕಾಶದ ದಿನ, ಬೇರೆಲ್ಲರ ದೀಪ ಆರಿದರೂ ಮುನಿಗಂಗಪ್ಪನವರ ಹೊಲ ಆರಲಿಲ್ಲ. ಟೈಮರು ಸುಟ್ಟು ದೀಪಗಳು ಒಂದೇ ಸಮನೆ ಉರಿಯುತ್ತಿದ್ದವು. ಚಿಂತಾಮಣಿಗೆ ಹೋಗಿ ಹೊಸದು ತರುವಷ್ಟರಲ್ಲಿ ಗ್ಯಾಲಕ್ಸಿ ಮುಳುಗಿರುತ್ತದೆ.

ಮುರಳಿಮೋಹನ್ ಓಡಿಹೋಗಿ ಸ್ವಿಚ್ಚು ಆರಿಸಿ ಬರುತ್ತೇನೆಂದು ಹೊರಟರು. ಆದಿಲಕ್ಷ್ಮಮ್ಮನವರು ಅವರ ತೋಳು ಹಿಡಿದು ನಿಲ್ಲಿಸಿದರು. "ಮೊನ್ನೆ ತಾನೆ ಹೊಸ ನಾಟಿ ಹಾಕಿದಾರೆ. ನನ್ನ ಫೋಟೊಗೋಸ್ಕರ ದೀಪ ಆರಿಸಿ ಅಂತ ನನ್ನ ಬಾಯಲ್ಲಿ ಬರಲ್ಲ. ನಿನ್ನ ಬಾಯಲ್ಲೂ ಬರಬಾರದು." ಅಷ್ಟು ಹೇಳಿ ಅವರು ಚಾಪೆಯ ಮೇಲೆ ಕೂತುಬಿಟ್ಟರು. ನಾಲ್ಕು ತಿಂಗಳ ಹಟ ಬಂಡೆಯಂಚಿನಲ್ಲಿ ಬಂದು ನಿಂತಿತ್ತು. ಅವರಿಗೆ ಅಳು ಬಂದಿತ್ತು, ಅಳಲಿಲ್ಲ.

ಆಗ ಹೊಲದ ದೀಪಗಳು ಆರಿದವು.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಹೊಲಗಳು ಬೆಳಗಿದೊಡನೆ ಅವೂ ಬೆಳಗಿದವು; ಪಕ್ಕದವು ಆರಿದ ಮೇಲೆ, ಒಂದು ಚೂರು ತಡವಾಗಿ, ಅವೂ ಆರಿದವು. ಟಾರ್ಚಿನ ಕೆಂಪು ಬೆಳಕಿನಲ್ಲಿ ಇಳಿದು ಹೋಗಿ ನೋಡಿದ ಮುರಳಿಮೋಹನ್ ಏದುಸಿರು ಬಿಡುತ್ತ ಬಂದು ವರದಿ ಒಪ್ಪಿಸಿದರು. ಪಂಪಿನ ಮನೆಯ ಬೋರ್ಡಿನ ಪಕ್ಕ ವೆಂಕಟರತ್ನಮ್ಮ ಮಣೆ ಹಾಕಿಕೊಂಡು ಕೂತಿದ್ದಾರೆ. ಕಣ್ಣು ಪಕ್ಕದ ಹೊಲದ ಮೇಲೆ, ಕೈ ಸ್ವಿಚ್ಚಿನ ಮೇಲೆ. ಯಾರೂ ಕೇಳಿಕೊಂಡದ್ದಲ್ಲ. ಎದ್ದು ಹೋಗಿ ಊಟ ಮಾಡಿ ಬನ್ನಿ ಎಂದದ್ದಕ್ಕೆ ಆಕೆ ಹೇಳಿದ್ದಿಷ್ಟು: "ಅವತ್ತು ಆಯಮ್ಮ ನಮ್ಮ ದೀಪ ಹಚ್ಚೋಕೆ ಕೂತಿದ್ರು ಕಣಪ್ಪ. ಇವತ್ತು ನಾನು ಆರ್ಸ್ತಾ ಹಚ್ಚ್ತಾ ಕೂತ್ರೆ ಏನಾಗ್ತೈತೆ? ಹೋಗು, ನಿನ್ನ ಕೆಲಸ ನೋಡು."

ಗ್ಯಾಲಕ್ಸಿ ಮುಳುಗುವ ತನಕ ಆ ಕೈ ನಿಲ್ಲಲಿಲ್ಲ. ಶಿವರಾತ್ರಿಯ ಸಂಜೆ, ದಿಬ್ಬೂರಹಳ್ಳಿಯ ಶಾಲೆಯ ಗೋಡೆಯ ಮೇಲೆ ಆ ಚಿತ್ರವನ್ನು ಬಿಂಬಿಸಿದಾಗ ಸುರುಳಿಯ ತೋಳುಗಳೆರಡೂ, ಅವುಗಳ ನಡುವಿನ ನಸುಗೆಂಪು ಚುಕ್ಕೆಗಳೂ ಕಂಡವು. ಗಣೇಶ್ ಪ್ರಸಾದ್ ಗೋಡೆಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದರು. ತಿರುಗಿ ಬಂದು, "ಮೇಡಂ, ಅಧ್ಯಕ್ಷಗಿರಿ ಯಾವಾಗ ವಹಿಸಿಕೊಳ್ತೀರಿ?" ಎಂದು ಕೈಮುಗಿದರು. ಬಂಡೆ ಉಳಿಯಿತು. ಮುನಿಗಂಗಪ್ಪನವರ ಗಿಡಗಳಲ್ಲಿ ಅಕಾಲದ ಮೊಗ್ಗೂ ಬರಲಿಲ್ಲ. ಯುಗಾದಿ ಕಳೆದ ಮೇಲೆ ಬಂದ ಹೂವಿನ ಮೊದಲ ಮೊಳ ಆದಿಲಕ್ಷ್ಮಮ್ಮನವರ ಮುಡಿಗೇ ಬಂತು.

ಮೇ ತಿಂಗಳ ಬೀಳ್ಕೊಡುಗೆಯ ದಿನ ಹಾರ ತುರಾಯಿಗಳ ನಡುವೆ ಅವರು ಎರಡು ಬಾರಿ ಗಡಿಯಾರ ನೋಡಿಕೊಂಡರೆಂದು ಇಲಾಖೆಯ ಮಿತ್ರರು ಬೇಸರಪಟ್ಟಿದ್ದಾರೆ. ಅವರು ಮನಸ್ಸಿಗೆ ಹಚ್ಚಿಕೊಳ್ಳದಿರಲಿ. ಅಂದು ಸಂಜೆ ಆಕಾಶ ತಿಳಿಯಾಗಿತ್ತು. ಅಧ್ಯಕ್ಷಗಿರಿಯನ್ನು ಅವರು ಒಪ್ಪಿಕೊಳ್ಳಲಿಲ್ಲ. ಬದಲಿಗೆ ಮುಂದಿನ ಚಳಿಗಾಲಕ್ಕೆ ಇನ್ನೂ ಮಸುಕಾದ ಮೂರು ಗ್ಯಾಲಕ್ಸಿಗಳನ್ನು ಆರಿಸಿಟ್ಟಿದ್ದಾರೆ. ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾರೆ. ಹೊಸ ಚಾಪೆಯೊಂದನ್ನು ಕೊಂಡಿದ್ದಾರೆ. ಆ ಮಂಡಿಗಳಿಗೆ ಬಲವನ್ನೂ, ಆ ಕಣ್ಣುಗಳಿಗೆ ತಿಳಿಯನ್ನೂ, ಚಾಪೆಗಳು ಹರಿದು ಮತ್ತೆ ಮತ್ತೆ ಹೊಸದನ್ನು ಕೊಳ್ಳುವಷ್ಟು ದೀರ್ಘವಾದ ಆಯುಸ್ಸನ್ನೂ ಭಗವಂತ ಅವರಿಗೆ ಧಾರಾಳವಾಗಿ ಕೊಡಲಿ ಎಂದು ಬಳಗ ಹಾರೈಸುತ್ತದೆ.

ಈ ಸಂಪುಟದ ಮೊದಲ ಪುಟದಲ್ಲಿ ಓದುಗರು ಆ ಚಿತ್ರವನ್ನು ಕಂಡಿರುತ್ತಾರೆ. ಅದರ ಕೆಳಗಿನ ಎಡಮೂಲೆಯಲ್ಲಿ ತೆಳುವಾಗಿ ಹಳದಿ ಹರಡಿದೆ. ಮುರಳಿಮೋಹನ್ ಅದನ್ನು ಕಂಪ್ಯೂಟರಿನಲ್ಲಿ ಒರೆಸಿಹಾಕಲು ಹೋಗಿ ಬೈಸಿಕೊಂಡಿದ್ದರು. ಮೊನ್ನೆ ಮುದ್ರಣಾಲಯದವರೂ ಅದನ್ನು ಶಾಯಿಯ ದೋಷವೆಂದೇ ತಿಳಿದು, ತಿದ್ದಿಬಿಡಲೇ ಎಂದು ಆದಿಲಕ್ಷ್ಮಮ್ಮನವರಿಗೆ ಫೋನು ಮಾಡಿದರು.

"ಮುಟ್ಟಬೇಡಪ್ಪ," ಎಂದರಂತೆ ಅವರು. "ಅದು ವೆಂಕಟರತ್ನಮ್ಮನ ಕೈ. ಒಂದು ಚೂರು ತಡವಾಯ್ತು ಅಷ್ಟೆ. ಇರಲಿ ಬಿಡು."